ಮುಲಾಮಿನ ಟ್ಯೂಬು ಮತ್ತು ಹೆಣ್ಣು ನೋಡುವ ಶಾಸ್ತ್ರ

ದಾವಣಗೆರೆಯ ನನ್ನ ಚರ್ಮರೋಗ ಚಿಕಿತ್ಸಾಲಯಕ್ಕೆ ಈಚೆಗೆ ಜಗಳೂರು ಕಡೆಯ ತಾಯಿ, ಮಗಳು ಬಂದಿದ್ದರು. ಮಗಳು ಮುಖಕ್ಕೆ ಸುತ್ತಿದ ವೇಲನ್ನು ತೆಗೆಯಲೊಲ್ಲಳು. ತೆಗೆದಾಗ ಕೆನ್ನೆ ಕೆಂಡದಂತಿತ್ತು, ಅದರ ಮೇಲೆ ಸಣ್ಣ ರಕ್ತನಾಳಗಳ ಬಲೆ, ಗದ್ದದ ತುಂಬ ಎಳೆಗೂದಲು. ತಾಯಿ ಚೀಲದಿಂದ ಟ್ಯೂಬೊಂದನ್ನು ತೆಗೆದಿಟ್ಟರು. ಬುಡದಿಂದ ಸುರುಳಿ ಸುತ್ತಿ, ಕೊನೆಯ ಹನಿಯವರೆಗೂ ಹಿಂಡಿದ್ದರು.

"ನೋಡಲು ಬಂದವರು ಹುಡುಗಿ ಸ್ವಲ್ಪ ಕಪ್ಪು ಎಂದು ಎದ್ದುಹೋದರು ಡಾಕ್ಟರೇ. ಇದನ್ನು ಹಚ್ಚಿದ ಮೊದಲ ತಿಂಗಳು ಎಷ್ಟು ಬೆಳ್ಳಗಾಗಿದ್ದಳು!"

ಅದರಲ್ಲಿದ್ದದ್ದು ಹೈಡ್ರೋಕ್ವಿನೋನ್, ಟ್ರೆಟಿನೊಯಿನ್, ಜೊತೆಗೆ ಮೊಮೆಟಾಸೋನ್ ಎಂಬ ಸ್ಟೀರಾಯ್ಡ್. ಬಂಗು, ಅಂದರೆ ಮುಖದ ಮೇಲಿನ ಕಂದು ಕಲೆಗೆಂದು ವೈದ್ಯರು ಕೆಲವೇ ವಾರಗಳಿಗೆ ಬರೆಯುವ ಔಷಧ. ಸ್ಟೀರಾಯ್ಡ್ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಮೊದಮೊದಲು ಮುಖ ಬಿಳುಪೇರುತ್ತದೆ. ಬರಬರುತ್ತ ಚರ್ಮ ತೆಳುವಾಗುತ್ತದೆ. ಬಿಟ್ಟರೆ ಉರಿ, ಮತ್ತೆ ಹಚ್ಚಿದರೆ ತಂಪು. ಹೀಗೆ ಅದು ಬಿಡಲಾಗದ ಚಟವಾಗುತ್ತದೆ. 2018ರಲ್ಲಿಯೇ ಕೇಂದ್ರ ಸರ್ಕಾರ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಕೂಡದು ಎಂದಿದೆ. ಈ ಹುಡುಗಿಯ ಬಳಿ ಯಾರೂ ಚೀಟಿ ಕೇಳಿರಲಿಲ್ಲ.

ಮೈಬಣ್ಣ ಕೊಡುವ ಜೀವಕೋಶಗಳ ಸಂಖ್ಯೆ ಆಫ್ರಿಕಾದವರಲ್ಲೂ ಯುರೋಪಿನವರಲ್ಲೂ ಹೆಚ್ಚುಕಡಿಮೆ ಒಂದೇ. ಬೇರೆಯಾಗುವುದು ಅವು ತಯಾರಿಸುವ ಮೆಲನಿನ್‌ನ ಪ್ರಮಾಣ ಮತ್ತು ಬಗೆ. ಇಷ್ಟು ಸಣ್ಣ ವ್ಯತ್ಯಾಸವನ್ನು ಜಾಹೀರಾತು ಹಾಸಿಗೆಯವರೆಗೆ ಒಯ್ದಿತು. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ ಹೆಣ್ಣುಮಕ್ಕಳಿಗೆ ವರನನ್ನೂ ಉದ್ಯೋಗವನ್ನೂ ತೋರಿಸಿತು. 2005ರಲ್ಲಿ ಗಂಡಸರಿಗೂ ಪ್ರತ್ಯೇಕ ಕ್ರೀಮು ಬಂತು. 2012ರಲ್ಲಂತೂ ಗುಪ್ತಾಂಗವನ್ನು ಬೆಳ್ಳಗೆ ಮಾಡುವ ದ್ರಾವಣದ ಜಾಹೀರಾತೇ ಟಿವಿಗೆ ಬಂತು: ತಿರುಗಿಯೂ ನೋಡದ ಗಂಡ, ಅದನ್ನು ಬಳಸಿದ ಮೇಲೆ ಹೆಂಡತಿಯತ್ತ ಒಲಿಯುತ್ತಾನೆ. ಒಬ್ಬ ಹೆಣ್ಣಿಗೆ ಅವಳ ಮೈಯ ಬಗ್ಗೆಯೇ ಇದಕ್ಕಿಂತ ಕ್ರೂರವಾಗಿ ಹೇಗೆ ಹೇಳಬಹುದೋ ನನಗೆ ತಿಳಿಯದು.

2020ರಲ್ಲಿ ಅಮೆರಿಕದಲ್ಲಿ ಕಪ್ಪುವರ್ಣದ ಜಾರ್ಜ್ ಫ್ಲಾಯ್ಡ್‌ನನ್ನು ಪೊಲೀಸರು ಕೊಂದದ್ದರ ವಿರುದ್ಧ ಜನ ಬೀದಿಗಿಳಿದ ಬೆನ್ನಲ್ಲೇ ಫೇರ್ ಅಂಡ್ ಲವ್ಲಿಯ ಹೆಸರಿನಲ್ಲಿ 'ಫೇರ್' ಹೋಗಿ 'ಗ್ಲೋ' ಬಂತು. ನಮ್ಮ ಪತ್ರಿಕೆಗಳ ಕಾಣೆಯಾದವರ ಪ್ರಕಟಣೆಯಲ್ಲಿ ಎಣ್ಣೆಗೆಂಪು, ಗೋಧಿ ಬಣ್ಣ ಎಂಬ ಚೆಂದದ ಮಾತುಗಳಿವೆ. ಹೆಣ್ಣು ನೋಡುವವರ ಬಾಯಲ್ಲಿ ಮಾತ್ರ ಕಪ್ಪು, ಬಿಳುಪು ಎರಡೇ.

"ನಿಲ್ಲಿಸಿದರೆ ಮೊದಲಿನ ಬಣ್ಣವೇ ಬಂದುಬಿಡುತ್ತದೆಯೇ?" ಎಂದಳು ಹುಡುಗಿ. "ಬರಲಿ ಎಂದೇ ಈ ಚಿಕಿತ್ಸೆ ತಾಯಿ" ಎಂದೆ. ಅವಳು ಮತ್ತೆ ವೇಲ್ ಸುತ್ತಿಕೊಂಡಳು.

ನಿಮ್ಮ ಮನೆಯ ಟ್ಯೂಬನ್ನೂ ತಿರುಗಿಸಿ ಓದಿ. ಮೊಮೆಟಾಸೋನ್, ಬೆಟಾಮೆಥಾಸೋನ್, ಕ್ಲೋಬೆಟಾಸೋಲ್ ಎಂದಿದ್ದರೆ ಅದನ್ನು ಹಿಡಿದುಕೊಂಡೇ ಚರ್ಮವೈದ್ಯರ ಬಳಿ ಹೋಗಿ. ತಿಂಗಳುಗಟ್ಟಲೆ ಹಚ್ಚಿದ್ದರೆ ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ, ಉರಿ ಕೆರಳುತ್ತದೆ.