ಗೂನು ಬೆನ್ನಿನ ಕೋವಿ: ಹಳೆಯ ಆಟೊ-5 ಕೊಳ್ಳುವವರಿಗೆ

ಅಮೆರಿಕದಲ್ಲಿ ಕ್ಲೇ ಶೂಟಿಂಗ್ (ಗಾಳಿಗೆ ಎಸೆದ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಟ್ಟು ಹೊಡೆಯುವ ಆಟ) ಅಭ್ಯಾಸವನ್ನು ಹೊಸದಾಗಿ ಹಿಡಿದ ಕನ್ನಡಿಗರು ನನ್ನ ಕಾರ್ಯಾಗಾರಕ್ಕೆ ತರುವ ಹಳೆಯ ಕೋವಿಗಳಲ್ಲಿ ಬ್ರೌನಿಂಗ್ ಆಟೊ-5 ಎಂಬ ಸೆಮಿ ಆಟೊಮ್ಯಾಟಿಕ್ (ಪ್ರತಿ ಈಡಿನ ನಂತರ ತಾನೇ ಹೊಸ ತೋಟೆ ತುಂಬಿಕೊಳ್ಳುವ) ಕೋವಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಬೆಲ್ಜಿಯಂನ ಹೆರ್ಸ್ಟಾಲ್‌ನಲ್ಲಿರುವ ಎಫ್.ಎನ್. ಕಾರ್ಖಾನೆಯಲ್ಲಿ ತಯಾರಾಗಿ ಹಡಗೇರಿ ಬಂದ, ರಿಸೀವರಿನ (ಒಳಯಂತ್ರವನ್ನು ಹಿಡಿದಿರುವ ಉಕ್ಕಿನ ಒಡಲಿನ) ಹಿಂಭಾಗ ಗೂನು ಬೆನ್ನಿನಂತೆ ಚೌಕವಾಗಿ ಎದ್ದು ನಿಂತ ಈ ಕೋವಿಯನ್ನು ಮೇಜಿನ ಮೇಲಿಡುತ್ತಲೇ ಅವರು ಕೇಳುವುದು ಮೂರು ಕೆಲಸ: ಸ್ಟಾಕನ್ನು (ಹೆಗಲಿಗೆ ಆನಿಸುವ ಮರವನ್ನು) ಗಿಡ್ಡ ಮಾಡಬೇಕು, ನಳಿಗೆಯನ್ನು ಕತ್ತರಿಸಬೇಕು, ಮಾಸಿದ ಕಪ್ಪುನೀಲಿ ಬಣ್ಣವನ್ನು ಹೊಸದಾಗಿಸಬೇಕು. ಈ ಮೂರೂ ಒಮ್ಮೆ ಮಾಡಿದರೆ ಹಿಂದಕ್ಕೆ ಪಡೆಯಲಾಗದ ಕೆಲಸಗಳು. ಅದೇ ಕೋವಿಯೊಳಗೆ ಕೈಯಿಂದಲೇ ತಿರುಗಿಸಿಡಬಹುದಾದ ಒಂದು ಉಕ್ಕಿನ ಬಳೆಯಿದೆ ಎಂಬುದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ಜಾನ್ ಮೋಸೆಸ್ ಬ್ರೌನಿಂಗ್ 1898ರಲ್ಲಿ ರೂಪಿಸಿದ ಈ ಕೋವಿಯ ಕ್ರಮವೇ ಬೇರೆ. ಈಡು ಹಾರಿದೊಡನೆ ನಳಿಗೆ ಮತ್ತು ಅದರ ಹಿಂಬಾಯಿ ಮುಚ್ಚುವ ಬೋಲ್ಟ್ ಎರಡೂ ಒಂದಕ್ಕೊಂದು ಕಚ್ಚಿಕೊಂಡೇ ತೋಟೆಯ ಉದ್ದಕ್ಕಿಂತ ಹೆಚ್ಚು ದೂರ ಹಿಂದಕ್ಕೆ ಸರಿಯುತ್ತವೆ. ಅಲ್ಲಿ ಬೋಲ್ಟ್ ಕ್ಷಣಕಾಲ ತಡೆದು ನಿಲ್ಲುತ್ತದೆ, ನಳಿಗೆ ಮಾತ್ರ ಮುಂದಕ್ಕೆ ಹೋಗುತ್ತದೆ, ಖಾಲಿ ತೋಟೆ ಹೊರಬೀಳುತ್ತದೆ, ಆಮೇಲೆ ಬೋಲ್ಟ್ ಹೊಸ ತೋಟೆಯೊಂದಿಗೆ ಮುಂದೆ ಬರುತ್ತದೆ. ಇಷ್ಟು ಭಾರದ ಉಕ್ಕು ಹಿಂದಕ್ಕೆ ಓಡುವಾಗ ಅದಕ್ಕೊಂದು ಬ್ರೇಕು ಬೇಕಲ್ಲವೇ? ಮುಂಗೈ ಮರದ (ನಳಿಗೆಯ ಕೆಳಗೆ ಕೈಯಿಂದ ಹಿಡಿಯುವ ಮರದ) ಒಳಗೆ ತೋಟೆಗಳನ್ನು ತುಂಬುವ ಕೊಳವೆಯನ್ನು ಸುತ್ತಿದ ಸ್ಪ್ರಿಂಗು, ಅದರ ಮುಂದಿನ ಕಂಚಿನ ತುಣುಕು ಮತ್ತು ಓರೆ ಅಂಚಿನ ಉಕ್ಕಿನ ಬಳೆ ಸೇರಿ ಆ ಬ್ರೇಕಿನ ಕೆಲಸ ಮಾಡುತ್ತವೆ. ಭಾರವಾದ ತೋಟೆಗೆ ಬಳೆಯು ಸ್ಪ್ರಿಂಗಿನ ಮುಂದೆ, ಓರೆ ಅಂಚು ಕಂಚಿನ ಕಡೆಗೆ ತಿರುಗಿ ಇರಬೇಕು. ಹಗುರ ತೋಟೆಗೆ ಅದೇ ಬಳೆಯನ್ನು ತೆಗೆದು ಸ್ಪ್ರಿಂಗಿನ ಹಿಂದೆ, ರಿಸೀವರಿಗೆ ತಾಗುವಂತೆ ಇಡಬೇಕು. ಹೆಚ್ಚು ಬಲದ ತೋಟೆಗಳಿಗಾಗಿ ಮಾಡಿದ ಮ್ಯಾಗ್ನಮ್ ಮಾದರಿಯ ಜೋಡಣೆ ಸ್ವಲ್ಪ ಬೇರೆಯಾದ್ದರಿಂದ ಆಯಾ ಮಾದರಿಯ ಕೈಪಿಡಿಯನ್ನು ನೋಡಿಯೇ ಕೈಹಾಕಬೇಕು.

“ಎರಡನೆಯ ಈಡಿಗೆ ಸಿಕ್ಕಿಕೊಳ್ಳುತ್ತದೆ, ಸಾರ್, ಏನೋ ಸವೆದಿರಬೇಕು” ಎಂದು ಬಂದ ಕೋವಿಗಳಲ್ಲಿ ಎಷ್ಟೋ ಸಲ ಸವೆತವೇ ಇರಲಿಲ್ಲ. ಬಾತುಕೋಳಿ ಬೇಟೆಗೆಂದು ಹಿಂದಿನ ಒಡೆಯರು ಭಾರದ ತೋಟೆಯ ಸ್ಥಾನದಲ್ಲಿ ಜೋಡಿಸಿದ್ದ ಬಳೆಯನ್ನು ಹಾಗೆಯೇ ಬಿಟ್ಟು ಇವರು ಅಭ್ಯಾಸದ ಹಗುರ ತೋಟೆಯನ್ನು ಹಾರಿಸುತ್ತಿದ್ದರು. ಇದರ ತದ್ವಿರುದ್ಧ ತಪ್ಪು ಹೆಚ್ಚು ದುಬಾರಿಯಾದದ್ದು. ಬಳೆ ಹಗುರ ತೋಟೆಯ ಸ್ಥಾನದಲ್ಲಿರುವಾಗ ಭಾರದ ತೋಟೆಗಳನ್ನು ಹಾರಿಸುತ್ತ ಹೋದರೆ ಹೆಗಲಿಗೆ ಒದೆ ಜೋರಾಗುವುದಲ್ಲದೆ ನಳಿಗೆ ಹಿಂದೆ ಬಡಿದು ಬಡಿದು ಮುಂಗೈ ಮರ ಸೀಳುತ್ತದೆ. ಆದ್ದರಿಂದ ಕೊಳ್ಳುವ ಮೊದಲು, ಕೋವಿ ಖಾಲಿಯಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಮಾರುವವರ ಒಪ್ಪಿಗೆ ಪಡೆದು ಮುಂಗೈ ಮರವನ್ನು ಬಿಚ್ಚಿ ಒಳಮೈ ನೋಡಬೇಕು. ಕೂದಲೆಳೆಯ ಬಿರುಕು ಒಳಗಡೆ ಮೊದಲು ಕಾಣುತ್ತದೆ. ರಿಸೀವರಿನ ಹಿಂಗೋಡೆಗೆ ಅಂಟಿದ ನಾರಿನ ದಿಂಡು ಪುಡಿಯಾಗಿದೆಯೇ ಎಂದೂ ಬೋಲ್ಟನ್ನು ಸರಿಸಿ ಟಾರ್ಚ್ ಹಿಡಿದು ಪರೀಕ್ಷಿಸಬೇಕು. ಸಣ್ಣ ಬೆಲೆಯ ಆ ದಿಂಡಿಲ್ಲದಿದ್ದರೆ ಬೋಲ್ಟ್ ನೇರವಾಗಿ ಉಕ್ಕಿಗೇ ಬಡಿಯುತ್ತದೆ. ಸ್ಕ್ರೂಗಳ ತಲೆಯ ಸೀಳು ಜರಿದಿದ್ದರೆ ಅಡುಗೆಮನೆಯ ಸ್ಕ್ರೂಡ್ರೈವರ್ ಹಿಡಿದವರಾರೋ ನಮಗಿಂತ ಮೊದಲು ಒಳಹೊಕ್ಕಿದ್ದಾರೆಂದು ತಿಳಿಯಬಹುದು.

ವಯಸ್ಸಿಗೆ ಸಂಬಂಧಿಸಿದ ಎರಡು ಅಪಾಯಗಳಿವೆ. ಎರಡನೆಯ ಮಹಾಯುದ್ಧಕ್ಕೆ ಹಿಂದಿನ 16 ಗೇಜಿನ (ಗೇಜು ಎಂದರೆ ನಳಿಗೆಯ ಒಳ ಅಗಲದ ಅಳತೆ) ಕೋವಿಗಳಲ್ಲಿ ತೋಟೆ ಕೂರುವ ಕೋಣೆ ಸುಮಾರು 65 ಮಿ.ಮೀ. ಉದ್ದದ್ದು, ಇಂದಿನ ತೋಟೆ 70 ಮಿ.ಮೀ. ಉದ್ದದ್ದು. ಹಾಕಿದರೆ ಒಳಗೆ ಹೋಗುತ್ತದೆ, ಆದರೆ ಹಾರುವಾಗ ತೋಟೆಯ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಕೋಣೆಯನ್ನು ಅಳೆಸದೆ ಅದನ್ನು ಹಾರಿಸಲೇಬಾರದು. ಎರಡನೆಯದು ಉಪ್ಪಿನ ಕಥೆ. 1960ರ ದಶಕದ ಕೊನೆಯಿಂದ ಕೆಲವು ವರ್ಷ ಬೇಗ ಒಣಗಲೆಂದು ಉಪ್ಪು ಹಾಕಿದ ವಾಲ್‌ನಟ್ ಮರವನ್ನು ಬ್ರೌನಿಂಗ್ ಕೋವಿಗಳಿಗೆ ಬಳಸಲಾಗಿತ್ತು. ಆ ಮರ ಉಕ್ಕಿಗೆ ತಾಗುವ ಜಾಗದಲ್ಲೆಲ್ಲ ತುಕ್ಕು ತಿನ್ನುತ್ತದೆ, ಹೊರಗಿನಿಂದ ನೋಡಿದರೆ ಮಾತ್ರ ಹೊಳಪೋ ಹೊಳಪು. ಆ ಕಾಲದ ಕೋವಿಯಾದರೆ ಸ್ಟಾಕಿನ ಹಿಂತುದಿಗೆ ಕೂಡಿಸಿದ ಬಟ್ ಪ್ಲೇಟಿನ ಸ್ಕ್ರೂಗಳನ್ನು ಬಿಚ್ಚಿ ನೋಡುವುದು ಸುಲಭದ ಮೊದಲ ಪರೀಕ್ಷೆ. ಸಂಶಯ ಉಳಿದರೆ ಬಣ್ಣವಿಲ್ಲದ ಮರದ ಮೇಲೆ ಒಂದು ಹನಿ ಸಿಲ್ವರ್ ನೈಟ್ರೇಟ್ ಹಾಕಿದಾಗ ಬೆಳ್ಳಗಾದರೆ ಉಪ್ಪಿದೆಯೆಂದರ್ಥ.

ಕಾನೂನಿನ ವಿಷಯವನ್ನು ನಮ್ಮವರು ಹಗುರವಾಗಿ ತೆಗೆದುಕೊಳ್ಳುವುದನ್ನು ಕಂಡಿದ್ದೇನೆ. ಎಚ್-1ಬಿಯಂತಹ ವಲಸೆಯೇತರ ವೀಸಾದಲ್ಲಿರುವವರು ಕೋವಿಯನ್ನಾಗಲಿ ತೋಟೆಯನ್ನಾಗಲಿ ಹೊಂದುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ಅಮೆರಿಕದಲ್ಲೇ ಪಡೆದ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಅದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಒಂದು. ಗ್ರೀನ್ ಕಾರ್ಡ್ ಉಳ್ಳವರಿಗೆ ಆ ತಡೆ ಇಲ್ಲ. ಬೇರೆ ರಾಜ್ಯದ ಖಾಸಗಿ ವ್ಯಕ್ತಿಯಿಂದ ಕೊಳ್ಳುವಾಗ ಕೋವಿ ಪರವಾನಗಿ ಪಡೆದ ವ್ಯಾಪಾರಿಯ ಮೂಲಕವೇ ಕೈಸೇರಬೇಕು, 4473 ಸಂಖ್ಯೆಯ ನಮೂನೆಯನ್ನು ತುಂಬಬೇಕು. ಇನ್ನು ನನ್ನ ಊರಾದ ಕೊಡಗಿನವರಿಗೆ ಒಂದು ಮಾತು: ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು ಅಲ್ಲಿರುವ ವಿನಾಯಿತಿ ಇಲ್ಲಿ ಯಾವ ಲೆಕ್ಕಕ್ಕೂ ಬಾರದು, ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ಗೆ ಪೂಜೆಗಿಡೋಣವೆಂದು ಇದನ್ನು ಊರಿಗೆ ಒಯ್ಯುವ ಆಸೆಯನ್ನೂ ಬಿಡಬೇಕು, ಏಕೆಂದರೆ ಭಾರತದ ಶಸ್ತ್ರಾಸ್ತ್ರ ನಿಯಮಗಳು ಸೆಮಿ ಆಟೊಮ್ಯಾಟಿಕ್ ಕೋವಿಯನ್ನು ನಿಷೇಧಿತ ವರ್ಗದಲ್ಲಿ ಇಟ್ಟಿವೆ.

ಈಗ ಮಾರ್ಪಾಡಿನ ಮಾತು. ನಳಿಗೆ ಕತ್ತರಿಸುವುದನ್ನು ನಾನು ಒಪ್ಪುವುದಿಲ್ಲ. 18 ಅಂಗುಲಕ್ಕಿಂತ ಕಿರಿದಾದರೆ ಅದು ಅಮೆರಿಕದ 1934ರ ರಾಷ್ಟ್ರೀಯ ಬಂದೂಕು ಕಾಯ್ದೆಯಡಿ ಪ್ರತ್ಯೇಕವಾಗಿ ನೋಂದಾಯಿಸಬೇಕಾದ ಆಯುಧವಾಗುತ್ತದೆ; ಅಷ್ಟಕ್ಕೆ ಇಳಿಯದಿದ್ದರೂ ಚೋಕ್ (ಚರೆ ಎಷ್ಟು ಹರಡಬೇಕೆಂಬುದನ್ನು ನಿಯಂತ್ರಿಸುವ ನಳಿಗೆ ತುದಿಯ ಬಿಗಿತ) ಹೋದ ಮೇಲೆ ಚರೆ ಬೇಕೆಂದಂತೆ ಹರಡುವುದಿಲ್ಲ. ಆಮದಾದ ಸೆಮಿ ಆಟೊಮ್ಯಾಟಿಕ್ ಕೋವಿಯನ್ನು ಬಿಡಿಭಾಗ ಬದಲಿಸಿ ಕ್ರೀಡೆಗೆ ಹೊರತಾದ ರೂಪಕ್ಕೆ ತರುವುದಕ್ಕೂ ಫೆಡರಲ್ ನಿರ್ಬಂಧವಿದೆ. ಚೋಕ್ ಎಷ್ಟು ಬಿಗಿ ಎಂಬುದನ್ನು ನಳಿಗೆಯ ಮೇಲಿನ ನಕ್ಷತ್ರ ಗುರುತು ಹೇಳುತ್ತದೆ: ಒಂದು ನಕ್ಷತ್ರವೆಂದರೆ ಪೂರ್ಣ ಬಿಗಿತದ ಫುಲ್, ಎರಡೆಂದರೆ ನಡುಮಟ್ಟದ ಮಾಡಿಫೈಡ್, ಮೂರೆಂದರೆ ಬಿಗಿತವೇ ಇಲ್ಲದ ಸಿಲಿಂಡರ್. ಹಳೆಯ ಬೆಲ್ಜಿಯಂ ನಳಿಗೆಗಳಲ್ಲಿ ಉಕ್ಕಿನ ಚರೆ ಹಾರಿಸುವುದು ಸಲ್ಲದು. ಚೋಕ್ ಬದಲಿಸುವ ಆಸೆಯುಳ್ಳವರಿಗೆ ನನ್ನ ಸಲಹೆಯೆಂದರೆ, 1970ರ ದಶಕದ ನಡುವಿನಲ್ಲಿ ತಯಾರಿಕೆ ಜಪಾನಿನ ಮಿರೋಕು ಸಂಸ್ಥೆಗೆ ಹೋದ ಮೇಲೆ ಬಂದ, ತಿರುಪಿನ ಚೋಕ್‌ಗಳುಳ್ಳ ನಳಿಗೆಯೊಂದನ್ನು ಅದೇ ಗೇಜು, ಅದೇ ಕೋಣೆಯ ಅಳತೆ ನೋಡಿ ಬೇರೆಯಾಗಿ ಕೊಳ್ಳುವುದು. ಕೂಡಿಸುವಾಗ ಅಲ್ಪಸ್ವಲ್ಪ ಮರ ಉಜ್ಜಬೇಕಾಗಬಹುದು, ಆದರೆ ಮೂಲ ನಳಿಗೆ ಕೆಡುವುದಿಲ್ಲ.

ಸ್ಟಾಕಿನ ಉದ್ದ ಮಾತ್ರ ನಿಜವಾದ ಸಮಸ್ಯೆ. ಕಾರ್ಖಾನೆಯಿಂದ ಸುಮಾರು 14 ಕಾಲು ಅಂಗುಲವಿದ್ದು, ಗಿಡ್ಡ ತೋಳಿನವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಹೆಗಲಿಗೇರಿಸುವಾಗ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಮೊಣಕೈ ಮಡಿಕೆಯಿಂದ ಬೆರಳಿನವರೆಗೆ ಅಳೆಯುವ ಅಂಗಡಿ ಲೆಕ್ಕವನ್ನು ನಂಬಬೇಡಿ. ಅಭ್ಯಾಸದ ಬಟ್ಟೆ ತೊಟ್ಟು, ಖಾಲಿ ಕೋವಿಯನ್ನು ಹೆಗಲಿಗೇರಿಸಿ, ಮೂಗಿಗೂ ಹೆಬ್ಬೆರಳಿಗೂ ಎರಡು ಬೆರಳ ಅಂತರ ಉಳಿಯುತ್ತದೆಯೇ ಎಂದು ಇನ್ನೊಬ್ಬರಿಂದ ನೋಡಿಸುವುದು ಮೇಲು. ಮರ ಕೊಯ್ಯಲೇಬೇಕಾದರೆ ಆ ಮರದೊಳಗೆ ಬೋಲ್ಟನ್ನು ಮುಂದೆ ತಳ್ಳುವ ಸ್ಪ್ರಿಂಗಿನ ಕೊಳವೆ ಹಾದುಹೋಗಿದೆ ಎಂಬುದನ್ನು ಮರೆಯಬಾರದು. ನಾನಾದರೆ ಅಳತೆಗೆ ಕೊಯ್ದ ಎರಡನೆಯ ಸ್ಟಾಕೊಂದನ್ನು ರಬ್ಬರ್ ಪ್ಯಾಡಿನೊಂದಿಗೆ ಕೂಡಿಸಿ, ಮೂಲ ಮರವನ್ನೂ ಬಟ್ ಪ್ಲೇಟನ್ನೂ ಅದರ ಎರಡು ಸ್ಕ್ರೂಗಳ ಸಮೇತ ಬಟ್ಟೆಯಲ್ಲಿ ಸುತ್ತಿ ಒಡೆಯರ ಕೈಗೇ ಕೊಟ್ಟು ಕಳುಹಿಸುತ್ತೇನೆ.