ಹೆಸರು ಬರೆದಿಟ್ಟ ಹಣ, ಬರಿದಾದ ಸಾಮಾನ್ಯ ನಿಧಿ

ಬೆಂಗಳೂರಿನ ಕೆಲವು ಚರ್ಚುಗಳ ಲೆಕ್ಕ ಪರಿಶೋಧನೆ ನನ್ನ ವೃತ್ತಿಯ ಒಂದು ಭಾಗ. ವಾರ್ಷಿಕ ಮಹಾಸಭೆಯಲ್ಲಿ ವರದಿ ಓದಿ ಮುಗಿಸುವುದೇ ತಡ, ಹಿಂದಿನ ಬೆಂಚಿನಿಂದ ಒಬ್ಬರು ಎದ್ದು ನಿಲ್ಲುತ್ತಾರೆ. ಕೈಯಲ್ಲಿರುವ ಬ್ಯಾಲೆನ್ಸ್ ಶೀಟಿನ ಕಡೆಯ ಸಾಲಿನ ಮೇಲೆ ಬೆರಳಿಟ್ಟು, “ಬ್ಯಾಂಕಿನಲ್ಲಿ ನಲವತ್ತು ಲಕ್ಷ ಇಟ್ಟುಕೊಂಡು ಪ್ರತಿ ಭಾನುವಾರ ಕಾಣಿಕೆ ಸಾಲದು ಎನ್ನುತ್ತೀರಲ್ಲ, ಇದು ಸರಿಯೇ?” ಎಂದು ಕೇಳುತ್ತಾರೆ. ಸುತ್ತಲಿನವರು ತಲೆಯಾಡಿಸುತ್ತಾರೆ. ಖಜಾಂಚಿ ನನ್ನ ಮುಖ ನೋಡುತ್ತಾರೆ. ಇಪ್ಪತ್ತು ವರ್ಷಗಳಿಂದ ಒಂದೇ ಉತ್ತರ ಕೊಡುತ್ತಾ ಬಂದಿದ್ದೇನೆ. ಮರುವರ್ಷ ಮತ್ತೆ ಅದೇ ಪ್ರಶ್ನೆ. ಆದ್ದರಿಂದ ಈ ಸಲ ಅವಸರವಿಲ್ಲದೆ ಬರೆಯುತ್ತೇನೆ, ದಯವಿಟ್ಟು ಓದಿ.

ಆ ಹಣ ಚರ್ಚಿನ ಖಾತೆಯಲ್ಲಿದೆ, ನಿಜ. ಆದರೆ ಅದರಲ್ಲಿ ಬಹುಪಾಲನ್ನು ಚರ್ಚು ಮುಟ್ಟುವಂತಿಲ್ಲ. ನಾನು ಕಂಡ ಒಂದು ಚರ್ಚಿನ ಲೆಕ್ಕ ಹೇಳುತ್ತೇನೆ. ಗುರುತು ಸಿಗದಂತೆ ಅಂಕಿಗಳನ್ನು ಸ್ವಲ್ಪ ಬದಲಿಸಿದ್ದೇನೆ. ನಲವತ್ತು ಲಕ್ಷದಲ್ಲಿ ಇಪ್ಪತ್ತೆರಡು ಲಕ್ಷ ಮೂಲನಿಧಿ, ಅಂದರೆ ಕಾರ್ಪಸ್. ಅದರ ಬಡ್ಡಿಯನ್ನು ಬಳಸಬಹುದು, ಅಸಲನ್ನು ಬಳಸುವಂತಿಲ್ಲ. ಹನ್ನೊಂದು ಲಕ್ಷ ಕಟ್ಟಡ ನಿಧಿ. ಆರು ಲಕ್ಷ ‘ಇದಕ್ಕೇ’ ಎಂದು ದಾನಿಗಳು ಬರೆದುಕೊಟ್ಟದ್ದು: ಒಬ್ಬರ ತಾಯಿಯ ನೆನಪಿನ ಬಹುಮಾನ, ಸ್ಮಶಾನದ ಕಾಂಪೌಂಡು, ಹೊಸ ಧ್ವನಿವರ್ಧಕ, ಒಂದು ಕೀಬೋರ್ಡ್. ಉಳಿದದ್ದು ಒಂದು ಲಕ್ಷ. ಆ ಒಂದು ಲಕ್ಷವೇ ಸಾಮಾನ್ಯ ನಿಧಿ, ಅಂದರೆ ಯಾವ ಖರ್ಚಿಗಾದರೂ ಬಳಸಬಹುದಾದ ಹಣ. ಚರ್ಚಿನ ತಿಂಗಳ ಖರ್ಚು ಒಂದು ಲಕ್ಷ ಮೂವತ್ತು ಸಾವಿರ. ಮಹಾಸಭೆಯಲ್ಲಿ ಎದ್ದು ನಿಂತವರ ಕಣ್ಣಿಗೆ ನಲವತ್ತು ಲಕ್ಷ ಕಂಡಿತು. ಖಜಾಂಚಿಗೆ ಈ ತಿಂಗಳು ಇನ್ನೂ ಮೂವತ್ತು ಸಾವಿರ ಕೊರತೆ ಇದೆ ಎಂಬುದು ಕಂಡಿತು. ಇಬ್ಬರೂ ನೋಡುತ್ತಿದ್ದದ್ದು ಒಂದೇ ಹಾಳೆ.

“ಹಾಗಾದರೆ ಕೀಬೋರ್ಡಿನ ಹಣವನ್ನು ಸದ್ಯಕ್ಕೆ ಬಳಸಿ, ಆಮೇಲೆ ತುಂಬಿಸಬಹುದಲ್ಲ?” ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬಳಸಬಾರದು. ಒಂದು ಉದ್ದೇಶ ಹೇಳಿ ಕೊಟ್ಟ ಹಣ ನಂಬಿಕೆಯಿಂದ ಒಪ್ಪಿಸಿದ ಹಣ. ಅದನ್ನು ಇನ್ನೊಂದಕ್ಕೆ ತಿರುಗಿಸಿದ್ದನ್ನು ಕಂಡರೆ ನಾನು ವರದಿಯಲ್ಲಿ ಬರೆಯಲೇಬೇಕು, ಬರೆಯುತ್ತೇನೆ. ಒಳ್ಳೆಯ ಕೆಲಸಕ್ಕೇ ತಿರುಗಿಸಿದ್ದರೂ ಬರೆಯುತ್ತೇನೆ. ದಾನಿಯೇ ಮನಸ್ಸು ಬದಲಿಸಿ ಲಿಖಿತವಾಗಿ ಒಪ್ಪಿ, ಕಮಿಟಿ ಠರಾವು ಮಾಡಿದರೆ ಅದು ಬೇರೆ ಮಾತು. ದಾನಿ ತೀರಿಕೊಂಡಿದ್ದರೆ ವಕೀಲರ ಬಳಿಗೆ ಹೋಗಬೇಕಾದೀತು. ನಿಮ್ಮ ಚರ್ಚಿನ ಟ್ರಸ್ಟ್ ಪತ್ರವನ್ನು ನೋಡದೆ ಅದರ ಬಗ್ಗೆ ನಾನು ಏನೂ ಹೇಳಲಾರೆ.

ಮೂಲನಿಧಿಯ ವಿಷಯದಲ್ಲಿ ಇನ್ನೂ ಒಂದು ಬಿಗಿ ಇದೆ. ದಾನಿ ಪತ್ರದಲ್ಲಿ ‘ಕಾರ್ಪಸ್‌ಗೆ’ ಎಂದು ಬರೆದರೆ ಆ ಹಣ ಅಲ್ಲಿಗೆ ಕಟ್ಟುಬಿತ್ತು. 2021-22ರ ಹಣಕಾಸು ವರ್ಷದಿಂದ, ಆದಾಯ ತೆರಿಗೆ ಕಾಯ್ದೆ ಗುರುತಿಸಿದ ಠೇವಣಿಗಳಲ್ಲಿ ಅದನ್ನು ಮೂಲನಿಧಿಯೆಂದೇ ಪ್ರತ್ಯೇಕವಾಗಿ ಇಟ್ಟರೆ ಮಾತ್ರ ತೆರಿಗೆ ವಿನಾಯಿತಿ. ಮೂಲನಿಧಿಯಲ್ಲದ ಆದಾಯದಲ್ಲಾದರೆ ಶೇ. 85ರಷ್ಟನ್ನು ಆ ವರ್ಷವೇ ಉದ್ದೇಶಕ್ಕೆ ಖರ್ಚು ಮಾಡಬೇಕು, ಇಲ್ಲವೇ ನಮೂನೆ ಸಲ್ಲಿಸಿ ಮುಂದಕ್ಕೆ ಕಾದಿರಿಸಬೇಕು. ಈ ರಗಳೆಯೇ ಬೇಡವೆಂದು ಕೆಲವು ಖಜಾಂಚಿಗಳು ಮಾರ್ಚ್ ತಿಂಗಳಿನಲ್ಲಿ ದೊಡ್ಡ ಕಾಣಿಕೆಗಳಿಗೆಲ್ಲ ‘ಕಾರ್ಪಸ್’ ಎಂದು ಬರೆಸಿಕೊಳ್ಳುತ್ತಾರೆ. ದಾನಿಗೆ ಆ ಪದದ ಅರ್ಥವೇ ತಿಳಿದಿರುವುದಿಲ್ಲ. ಲೆಕ್ಕ ಹಾಕಿ ನೋಡಿ: ಒಂದು ಲಕ್ಷ ರೂಪಾಯಿಯನ್ನು ಶೇ. 7ರ ಬಡ್ಡಿಗೆ ಇಟ್ಟರೆ ವರ್ಷಕ್ಕೆ 7,000, ತಿಂಗಳಿಗೆ 600 ರೂಪಾಯಿಯೂ ಆಗಲಿಲ್ಲ. ಲಕ್ಷ ಕೊಟ್ಟವರು ತಾವು ತಿಂಗಳಿಗೆ 583 ರೂಪಾಯಿ ಕೊಟ್ಟೆವೆಂದು ಎಂದಾದರೂ ಅಂದುಕೊಂಡಿರುತ್ತಾರೆಯೇ?

ಮೇಲೆ ಹೇಳಿದ ಚರ್ಚಿನ ಹಿಂಭಾಗದ ಹಾಲಿನಲ್ಲಿ ಸಂಜೆಯ ಟ್ಯೂಷನ್ ನಡೆಯುತ್ತಿತ್ತು. ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು, ಎಲ್ಲ ಧರ್ಮದವರೂ, ಮೂವತ್ತೊಂದು ಮಕ್ಕಳು. ಇಬ್ಬರು ಶಿಕ್ಷಕಿಯರ ಗೌರವಧನ, ದಿನಕ್ಕೊಂದು ಬಾಳೆಹಣ್ಣು, ಬಿಸ್ಕತ್ತು, ಪುಸ್ತಕ ಎಲ್ಲ ಸೇರಿ ತಿಂಗಳಿಗೆ ಹದಿನೆಂಟು ಸಾವಿರ. ನವೆಂಬರ್‌ನಲ್ಲಿ ಸಾಮಾನ್ಯ ನಿಧಿಯಲ್ಲಿ ಹಣವಿಲ್ಲದೆ ಅದು ನಿಂತಿತು. ಡಿಸೆಂಬರ್‌ನಲ್ಲಿ ನಾನು ಲೆಕ್ಕ ನೋಡಲು ಹೋದಾಗ ಹಾಲಿನ ಕರಿಹಲಗೆಯ ಮೇಲೆ ಏಳರ ಮಗ್ಗಿ ಅರ್ಧಕ್ಕೆ ನಿಂತಿತ್ತು. ಏಳು ಆರಲಿ ನಲವತ್ತೆರಡು, ಅಲ್ಲಿಗೆ ಸರಿ. ಅದರ ಪಕ್ಕದ ಬೀರುವಿನ ಮೇಲೆ, ಬಟ್ಟೆ ಹೊದಿಸಿದ ಎರಡು ಕೀಬೋರ್ಡುಗಳಿದ್ದವು. ಮೂರನೆಯದಕ್ಕೆ ಮೂರು ಲಕ್ಷ ಬ್ಯಾಂಕಿನಲ್ಲಿತ್ತು.

ಆ ಮೂರು ಲಕ್ಷ ಕೊಟ್ಟವರು ಬ್ಯಾಂಕಿನಿಂದ ನಿವೃತ್ತರಾದ ಹಿರಿಯರು. ಅವರ ತಂದೆ ಅದೇ ಚರ್ಚಿನಲ್ಲಿ ಮೂವತ್ತು ವರ್ಷ ಹಾರ್ಮೋನಿಯಂ ನುಡಿಸಿದವರು. ಆ ಹಿರಿಯರ ಮೇಲೆ ನನಗೆ ಕೋಪ ಬರಲು ಸಾಧ್ಯವೇ ಇರಲಿಲ್ಲ. ತಂದೆಯ ಬೆರಳುಗಳನ್ನು ನೆನೆಸಿಕೊಂಡು ಮಗ ಕೊಟ್ಟ ಕಾಣಿಕೆ ಅದು. ಚರ್ಚಿನ ಪಕ್ಕದ ಕೋಣೆಯಾದ ವೆಸ್ಟ್ರಿಯಲ್ಲಿ ಸಿಕ್ಕಾಗ, “ಸಾರ್, ಟ್ಯೂಷನ್ ನಿಂತಿರುವುದು ನಿಮಗೆ ಗೊತ್ತೇ?” ಎಂದೆ. ಅವರು ತುಸು ಹೊತ್ತು ಸುಮ್ಮನಿದ್ದು, “ಯಾರೂ ನನಗೆ ಹೇಳಲಿಲ್ಲವಲ್ಲ” ಎಂದರು.

ಜನರಿಗೆ ಕೊಡುವ ಮನಸ್ಸಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಚರ್ಚಿನ ಸುಗ್ಗಿ ಹಬ್ಬದ ಹರಾಜಿಗೆ ಬಂದು ನೋಡಿ. ಒಂದು ನಿಂಬೆಹಣ್ಣು ಎರಡು ಸಾವಿರಕ್ಕೆ ಹೋಗುತ್ತದೆ. ಗೆದ್ದವರು ಅದನ್ನು ಮತ್ತೆ ಹರಾಜಿಗೇ ಕೊಡುತ್ತಾರೆ. ಎರಡನೆಯ ಸಲ ಮೂರು ಸಾವಿರ. ಸಿಹಿಗುಂಬಳಕ್ಕೆ ಎರಡು ಕುಟುಂಬಗಳು ಪಂತಕ್ಕೆ ಬಿದ್ದು ಕೂಗುವಾಗ ಮಕ್ಕಳು ಬೆಂಚಿನ ಮೇಲೆ ಹತ್ತಿ ಕುಣಿಯುತ್ತಾರೆ. ನನಗೆ ಆ ದಿನ ಬಹಳ ಇಷ್ಟ. ಆದರೆ ವಿದ್ಯುತ್ ಬಿಲ್ಲು ವರ್ಷಕ್ಕೆ ಹನ್ನೆರಡು ಸಲ ಬರುತ್ತದೆ. ಡಯಾಲಿಸಿಸ್‌ಗೆ ಹೋಗುವ ವಿಧವೆಗೆ ವಾರಕ್ಕೆರಡು ಬಾರಿ ಆಟೋ ಬಾಡಿಗೆ ಬೇಕು. ಸುಗ್ಗಿ ಹಬ್ಬದ ಹಣ ಮುಂದಿನ ಸುಗ್ಗಿಯವರೆಗೆ ಬರುವುದಿಲ್ಲ.

ಬೈಬಲಿನಲ್ಲಿ ಅಪೊಸ್ತಲ ಪೌಲನು ಕೊರಿಂಥದ ಸಭೆಯವರಿಗೆ, ಅಂದರೆ ಅಲ್ಲಿನ ಕ್ರೈಸ್ತರಿಗೆ, ಬರೆದ ಮೊದಲನೆಯ ಪತ್ರದ 16ನೇ ಅಧ್ಯಾಯದಲ್ಲಿ ಈ ಮಾತು ಬಹಳ ಸ್ಪಷ್ಟವಾಗಿದೆ: ವಾರದ ಮೊದಲನೆಯ ದಿನ ಪ್ರತಿಯೊಬ್ಬರೂ ತಮ್ಮ ಸಂಪಾದನೆಗೆ ತಕ್ಕಂತೆ ಒಂದಿಷ್ಟು ತೆಗೆದಿಡಬೇಕು, ತಾನು ಬಂದ ಮೇಲೆ ಹಣ ಎತ್ತುವಂತೆ ಆಗಬಾರದು. ಕಾಣಿಕೆಯ ಮೊತ್ತದ ಬಗ್ಗೆ ನೂರಾರು ಉಪದೇಶಗಳನ್ನು ಕೇಳಿದ್ದೇನೆ. ಈ ‘ವಾರ ವಾರ’ದ ಬಗ್ಗೆ ಕೇಳಿದ್ದು ಕಡಿಮೆ. ಪೌಲನು ಸಂಗ್ರಹಿಸುತ್ತಿದ್ದದ್ದೂ ಒಂದು ಗೊತ್ತಾದ ಉದ್ದೇಶಕ್ಕೇ, ಯೆರೂಸಲೇಮಿನ ಬಡವರಿಗೆ. ಹಾಗಾಗಿ ಉದ್ದೇಶ ಹೇಳಿ ಕೊಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಮೊದಲು ಕೊರತೆ ತಿಳಿಯಿತು, ಆಮೇಲೆ ಹಣ ಕೂಡಿತು. ನಮ್ಮಲ್ಲಿ ಹಣ ಮೊದಲು ಬರುತ್ತದೆ, ಅದಕ್ಕೆ ಹೊಂದುವ ಕೊರತೆಯನ್ನು ಕಮಿಟಿ ಆಮೇಲೆ ಹುಡುಕುತ್ತದೆ. ಆ ಹಣವನ್ನು ಒಯ್ಯುವಾಗ ಯಾರೂ ತಪ್ಪು ಹೊರಿಸದಂತೆ ಪೌಲನು ತನ್ನ ಸಂಗಡಿಗ ತೀತನ ಜೊತೆಗೆ ಸಭೆಗಳು ಆರಿಸಿದ ಇನ್ನೊಬ್ಬ ಸಹೋದರನನ್ನೂ ಕಳುಹಿಸಿದನೆಂದು ಎರಡನೆಯ ಪತ್ರದ 8ನೇ ಅಧ್ಯಾಯ ಹೇಳುತ್ತದೆ. ಕಾಣಿಕೆ ಚೀಲವನ್ನು ಒಬ್ಬರೇ ಎಣಿಸಬಾರದು ಎಂದು ನಾನು ಹಟ ಹಿಡಿಯುವುದೂ ಇದಕ್ಕೇ.

ನಮ್ಮ ಹಿರಿಯರ ಕಾಲದ ಒಂದು ಅಭ್ಯಾಸವೂ ಇದರಲ್ಲಿ ಸೇರಿಕೊಂಡಿದೆ. ಮಂಗಳೂರಿಗೆ ಬಾಸೆಲ್ ಮಿಷನ್ 1834ರಲ್ಲಿ, ಬೆಂಗಳೂರಿಗೆ ಲಂಡನ್ ಮಿಷನ್ 1820ರಲ್ಲಿ ಬಂದವು. ಶಾಲೆ, ಆಸ್ಪತ್ರೆ, ಅನಾಥಾಲಯಗಳ ದಿನನಿತ್ಯದ ಖರ್ಚಿನ ದೊಡ್ಡ ಪಾಲು ಬಹುಕಾಲ ಹೊರಗಿನಿಂದಲೇ ಬಂತು. ಊರಿನವರು ಹಬ್ಬಕ್ಕೆ, ಗಂಟೆಗೆ, ದೀಪಕ್ಕೆ ಕೊಟ್ಟರೆ ಸಾಕಿತ್ತು. 1947ರಲ್ಲಿ ಹಲವು ಪ್ರೊಟೆಸ್ಟಂಟ್ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ರೂಪುಗೊಂಡ ಮೇಲೆ ಆ ಭಾರ ನಿಧಾನವಾಗಿ ನಮ್ಮ ಹೆಗಲಿಗೆ ಬಂತು, ಕೊಡುವ ರೀತಿ ಮಾತ್ರ ಹಾಗೆಯೇ ಉಳಿಯಿತು. ಮಿಜೋರಾಮಿನಲ್ಲಿ ಹೆಂಗಸರು 1910ರಲ್ಲಿ ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ತೆಗೆದಿಡಲು ಆರಂಭಿಸಿದರು. ಇಂದಿಗೂ ಅಲ್ಲಿನ ಸಭೆಗಳ ಸೇವೆಗೆ ಆ ಹಿಡಿ ಅಕ್ಕಿ ದೊಡ್ಡ ಆಸರೆ. ಒಲೆ ಹೊತ್ತಿದ ದಿನವೆಲ್ಲ ಕಾಣಿಕೆ ಬಂತು ಎಂದಾಯಿತು.

ಇನ್ನು ತೆರಿಗೆ. ಚರ್ಚಿನ ರಸೀದಿ ಸಿಕ್ಕ ಮಾತ್ರಕ್ಕೆ ದಾನಿಗೆ 80ಜಿ ಎಂದು ಕರೆಯುವ ತೆರಿಗೆ ರಿಯಾಯಿತಿ ಸಿಗುವುದಿಲ್ಲ. ಧಾರ್ಮಿಕ ಉದ್ದೇಶದ ಕಾಣಿಕೆಗೆ ಸಾಮಾನ್ಯವಾಗಿ ಅದು ಇಲ್ಲ. ಚರ್ಚು ನಡೆಸುವ ಸೇವಾ ಟ್ರಸ್ಟಿಗೆ ಪ್ರತ್ಯೇಕ ಮಾನ್ಯತೆ ಇದ್ದರೆ ಇರಬಹುದು, ಅಲ್ಲಿಯೂ 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಇಲ್ಲ. ವಿದೇಶಿ ಪೌರತ್ವ ಪಡೆದ ಮಕ್ಕಳು ಪ್ರೀತಿಯಿಂದ ಮೊಬೈಲ್‌ನಲ್ಲೇ ಹಣ ಕಳುಹಿಸುತ್ತಾರೆ. ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಕಾರ್ಡ್) ಇದ್ದರೂ ಕಾನೂನಿನ ಕಣ್ಣಿಗೆ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ ಇಲ್ಲದ ಚರ್ಚು ಅದನ್ನು ಪಡೆಯಬಾರದು, ಇದ್ದರೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡು ದುಬೈಯಲ್ಲಿ ದುಡಿಯುವ ಮಗನ ಹಣಕ್ಕೆ ಈ ತೊಡಕಿಲ್ಲ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಂಗಳ ಸಂಖ್ಯೆ ಬದಲಾಗಿರುವುದರಿಂದ ನಿಮ್ಮ ಆಡಿಟರನ್ನು ಕೇಳಿಯೇ ಮುಂದುವರಿಯಿರಿ.

ಹಾಗಾದರೆ ಏನು ಮಾಡಬೇಕು? ಉದ್ದೇಶ ಬರೆದೇ ಕೊಡಬೇಕೆಂದು ಮನಸ್ಸಿದ್ದರೆ ಪತ್ರದ ಕೊನೆಗೆ ಇದೊಂದು ಸಾಲು ಸೇರಿಸಿ: “ಈ ಉದ್ದೇಶಕ್ಕೆ ಅಗತ್ಯವಿಲ್ಲದಿದ್ದರೆ ಅಥವಾ ಹಣ ಉಳಿದರೆ, ಕಮಿಟಿಯು ಚರ್ಚಿನ ಇತರ ಸೇವೆಗಳಿಗೆ ಬಳಸಬಹುದು.” ಇಷ್ಟು ಬರೆದಿದ್ದರೆ ಎಷ್ಟೋ ಚರ್ಚುಗಳಲ್ಲಿ ಧೂಳು ಹಿಡಿದ ನಿಧಿಗಳು ಇಂದು ಊಟವಾಗಿ, ಔಷಧಿಯಾಗಿ ಹೋಗುತ್ತಿದ್ದವು. ಹೆಸರೇ ಬೇಡ ಎನ್ನುವವರು ಸಾಮಾನ್ಯ ನಿಧಿಗೆ, ಸಂಬಳ ಬಂದ ದಿನವೇ, ತಿಂಗಳು ತಿಂಗಳು ಕೊಡಿ. ಸದಸ್ಯತ್ವದ ಚಂದಾ ಕಟ್ಟಿದೆವು ಎಂದು ಅಲ್ಲಿಗೇ ಕೈತೊಳೆದುಕೊಳ್ಳಬೇಡಿ. ಚಂದಾ ನಿಮಗೆ ಮತ ಹಾಕುವ ಹಕ್ಕು ಕೊಡುತ್ತದೆ, ಆ ಡಯಾಲಿಸಿಸ್ ಆಟೋಗೆ ಸಾಲದು. ಎಷ್ಟು ಕೊಡಬೇಕೆಂದು ಹೇಳುವುದು ಆಡಿಟರನ ಕೆಲಸವಲ್ಲ. ದಶಮಾಂಶವೋ (ಸಂಪಾದನೆಯ ಹತ್ತರಲ್ಲೊಂದು ಪಾಲು) ಅದಕ್ಕಿಂತ ಹೆಚ್ಚೋ ಎಂಬುದನ್ನು ನಿಮ್ಮ ಸಭಾಪಾಲಕರೊಂದಿಗೆ ಮಾತನಾಡಿ. ಹೃದಯ ಬಿಚ್ಚಿ ಕೊಡಿ ಎಂದಷ್ಟೇ ನಾನು ಕೇಳುತ್ತೇನೆ.

ಕಮಿಟಿಯವರಿಗೂ ಒಂದು ಮಾತು. ಸಾಮಾನ್ಯ ನಿಧಿಯಲ್ಲಿ ಎಷ್ಟಿದೆ, ಈ ತಿಂಗಳು ಎಷ್ಟು ಬೇಕು, ಯಾವ ಸೇವೆ ನಿಲ್ಲುವ ಸ್ಥಿತಿಯಲ್ಲಿದೆ ಎಂಬ ಮೂರು ಸಾಲುಗಳನ್ನು ಸೂಚನಾ ಫಲಕಕ್ಕೆ ಅಂಟಿಸಲು ನಿಮಗೆ ಏನು ಸಂಕೋಚ? ಬಡತನ ತೋರಿಸಿಕೊಂಡಂತೆ ಆಗುತ್ತದೆ ಎನ್ನುತ್ತೀರಿ. ನವೆಂಬರ್‌ನಲ್ಲಿ ಆ ಮೂರು ಸಾಲು ಅಲ್ಲಿದ್ದಿದ್ದರೆ ಕೀಬೋರ್ಡಿನ ಹಿರಿಯರು ಓದಿಯೇ ಓದುತ್ತಿದ್ದರು.

ಭಾನುವಾರ ಎಣಿಕೆಯ ಮೇಜಿನ ಮೇಲೆ ಒಂದು ಲಕೋಟೆ ಬರುತ್ತದೆ. ಯಾರದೋ ಮದುವೆಯ ಆಹ್ವಾನದ ಲಕೋಟೆಯನ್ನು ಮಗುಚಿ ಅಂಟಿಸಿದ್ದು, ಒಳಗೆ ನಾಲ್ಕಾಗಿ ಮಡಚಿದ ಐನೂರರ ನೋಟು. ಮೇಲೆ ಪೆನ್ಸಿಲಿನಲ್ಲಿ ‘ಎಲ್ಲಿ ಕಡಿಮೆಯೋ ಅಲ್ಲಿಗೆ’ ಎಂದು ಬರೆದಿರುತ್ತದೆ. ಪಿಂಚಣಿ ಕೈಸೇರಿದ ಮಾರನೆಯ ಭಾನುವಾರ, ಪ್ರತಿ ತಿಂಗಳೂ. ಎಣಿಸುವವರು ಅದನ್ನು ಹರಿಯದಂತೆ ಬಿಡಿಸಿ ನೋಟನ್ನು ಸಾಮಾನ್ಯ ನಿಧಿಯ ಕಟ್ಟಿಗೆ ಸೇರಿಸುತ್ತಾರೆ. ಅದರ ಬಗ್ಗೆ ಕಮಿಟಿ ಚರ್ಚಿಸಬೇಕಾಗಿಲ್ಲ, ನಾನೂ ಟಿಪ್ಪಣಿ ಬರೆಯಬೇಕಾಗಿಲ್ಲ. ಅಂದೇ ಖರ್ಚಾಗಬಲ್ಲ ಹಣ ಅದು.

ಕೀಬೋರ್ಡಿನ ಹಿರಿಯರು ಜನವರಿಯಲ್ಲಿ ಹೊಸ ಪತ್ರ ಕೊಟ್ಟರು. ತಂದೆಯ ಹೆಸರು ಹಾಗೆಯೇ ಇತ್ತು, ಉದ್ದೇಶದ ಜಾಗದಲ್ಲಿ ಟ್ಯೂಷನ್ ಎಂದಿತ್ತು, ಕೊನೆಗೆ ನಾನು ಹೇಳಿದ ಸಾಲೂ ಇತ್ತು. ಕಮಿಟಿ ಸೇರಿ ಠರಾವು ಮಾಡಿ, ಶಿಕ್ಷಕಿಯರನ್ನು ಮತ್ತೆ ಹುಡುಕಿ ಕರೆತರುವಷ್ಟರಲ್ಲಿ ಜೂನ್ ಬಂತು. ಮೂವತ್ತೊಂದು ಮಕ್ಕಳಲ್ಲಿ ಇಪ್ಪತ್ತೆರಡು ಮಕ್ಕಳು ಮರಳಿ ಬಂದರು. ಉಳಿದ ಒಂಬತ್ತು ಮಕ್ಕಳ ಮನೆಯವರು ಆ ವೇಳೆಗೆ ಬೇರೆ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಎಲ್ಲಿಗೆ ಎಂದು ಪಕ್ಕದ ಶೆಡ್ಡಿನವರಿಗೂ ತಿಳಿದಿರಲಿಲ್ಲ.