ತಲೆ ಕತ್ತರಿಸಿಕೊಂಡ ಅಲೆಗಳು

"ಸೌಂಡ್ ಸ್ವಲ್ಪ ಒಡೆದಿದೆ, ಎಡಿಟಿಂಗ್‌ನಲ್ಲಿ ವಾಲ್ಯೂಮ್ ಇಳಿಸಿದರೆ ಸರಿಹೋಗುತ್ತೆ ಬಿಡಿ." ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ವಾಲ್ಯೂಮ್ ಇಳಿಸಿದರೆ ಕೇಳಿಸುವುದು ಅದೇ ಒಡೆದ ಸದ್ದು, ಸಣ್ಣಗೆ ಅಷ್ಟೆ.

ಜೇಬಿಗೆ ಹಿಡಿಯುವ ಕ್ಯಾಮೆರಾದಲ್ಲಿ ಸಂಗೀತ ಕಾರ್ಯಕ್ರಮವನ್ನು ಚಿತ್ರೀಕರಿಸಿದ್ದರೆ, ಆ ಫೈಲನ್ನು ಎಡಿಟಿಂಗ್ ತಂತ್ರಾಂಶದಲ್ಲಿ ತೆರೆದು ಧ್ವನಿಯ ಅಲೆಯನ್ನು ಹಿಗ್ಗಿಸಿ ನೋಡಿ. ಗುಡ್ಡದಂತೆ ಏರಿ ಇಳಿಯಬೇಕಾದ ಗೆರೆ ಮೇಲೆ ಹೋಗಿ ಸೂರಿಗೆ ತಾಗಿ, ಅಲ್ಲೇ ಒಂದಿಷ್ಟು ದೂರ ಮಟ್ಟಸವಾಗಿ ಓಡಿ, ಆಮೇಲೆ ಕೆಳಗಿಳಿದಿರುತ್ತದೆ. ತುದಿಗಳೇ ಇಲ್ಲ. ಇದೇ ಕ್ಲಿಪ್ಪಿಂಗ್.

ಅಲೆಯ ಎತ್ತರವನ್ನು ಅಂಕಿಗಳಲ್ಲಿ ಬರೆದಿಡುವ 16 ಬಿಟ್ ಧ್ವನಿಯಲ್ಲಿ ಇರುವುದು 65,536 ಮೆಟ್ಟಿಲು. ಕೊನೆಯ ಮೆಟ್ಟಿಲಿಗಿಂತ ಎತ್ತರದ್ದೆಲ್ಲ ಕೊನೆಯ ಮೆಟ್ಟಿಲೆಂದೇ ದಾಖಲಾಗುತ್ತದೆ. ತುಂಬಿದ ಕೊಡಕ್ಕೆ ಇನ್ನೆಷ್ಟು ನೀರು ಸುರಿದಿರಿ ಎಂದು ಆಮೇಲೆ ಕೊಡವನ್ನು ನೋಡಿ ಹೇಳಲಾದೀತೆ? ಫೋಟೊ ತೆಗೆಯುವವರಿಗೆ ಇನ್ನೂ ಬೇಗ ಅರ್ಥವಾಗುತ್ತದೆ: ಬೆಳಕು ಹೆಚ್ಚಾಗಿ ಬೆಳ್ಳಗೆ ಸುಟ್ಟುಹೋದ ಆಕಾಶವನ್ನು ಎಷ್ಟು ಕಪ್ಪಾಗಿಸಿದರೂ ಮೋಡ ಮೂಡುವುದಿಲ್ಲ, ಬೂದು ಬಣ್ಣ ಬರುತ್ತದೆ. ಧ್ವನಿಯಲ್ಲಿ ಇದಕ್ಕಿಂತ ಕೇಡು. ಅಲೆಯ ತಲೆ ಹಾರಿಸಿದಾಗ ಇದ್ದದ್ದು ಹೋಗುವುದರ ಜೊತೆಗೆ ಇಲ್ಲದ್ದು ಹುಟ್ಟಿಕೊಳ್ಳುತ್ತದೆ. 100 ಹರ್ಟ್ಸ್‌ನ ಶುದ್ಧ ಸ್ವರವನ್ನು ಮೇಲೂ ಕೆಳಗೂ ಸಮನಾಗಿ ಕತ್ತರಿಸಿದರೆ 300, 500, 700 ಹರ್ಟ್ಸ್‌ನ ಕೂಸುಗಳು ಹುಟ್ಟುತ್ತವೆ. ಬಾಸ್ ಗಿಟಾರ್ ಮೊಳಗುವಾಗ ಕೇಳುವ ಆ 'ಗರ್ರ್' ಇದೇ. ಕತ್ತರಿ ಬೀಳುವ ಬಾಗಿಲು ಒಂದೇ ಅಲ್ಲ ಬೇರೆ. ಮೈಕ್ ಸೋಲಬಹುದು, ಅದರ ಹಿಂದಿನ ಆಂಪ್ಲಿಫೈಯರ್ ಸೋಲಬಹುದು, ಕೊನೆಗೆ ಅಂಕಿಗಿಳಿಸುವ ಚಿಪ್ ಸೋಲಬಹುದು. ಮೊದಲೆರಡರಲ್ಲಿ ಸೋತರೆ, ಧ್ವನಿಯ ಮಟ್ಟ ತೋರಿಸುವ ಮೀಟರ್ ಕೆಂಪಾಗದೆಯೂ ಧ್ವನಿ ಒಡೆದಿರುತ್ತದೆ.

ಕ್ಯಾಮೆರಾವನ್ನು ಬೈದು ಪ್ರಯೋಜನವಿಲ್ಲ. ಮಾತುಕತೆ ಸುಮಾರು 60 ಡೆಸಿಬೆಲ್, ದೊಡ್ಡ ಸ್ಪೀಕರ್‌ಗಳ ಮುಂದೆ 100 ದಾಟುವುದು ಮಾಮೂಲು. ಇದು ಪ್ರತಿ 20 ಡೆಸಿಬೆಲ್‌ಗೆ ಒತ್ತಡ ಹತ್ತು ಪಟ್ಟಾಗುವ ಲಾಗರಿದಮ್ ಅಳತೆಯಾದ್ದರಿಂದ 40 ಡೆಸಿಬೆಲ್ ಹೆಚ್ಚು ಎಂದರೆ ನೂರು ಪಟ್ಟು ಒತ್ತಡ. ಟೆಲಿಫೋನ್ ತಂತಿಯಲ್ಲಿ ಎಷ್ಟು ಸದ್ದು ಸೋರುತ್ತದೆಂದು ಅಳೆಯಲು 1920ರ ದಶಕದಲ್ಲಿ ಬೆಲ್ ಸಂಸ್ಥೆಯ ಎಂಜಿನಿಯರುಗಳು ಕಟ್ಟಿದ ಮಾನ ಇದು. ಗೆರ್‌ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ 1962ರಲ್ಲಿ ಅಗ್ಗದ, ಪುಟ್ಟ ಎಲೆಕ್ಟ್ರೆಟ್ ಮೈಕನ್ನು ರೂಪಿಸಿದ್ದೂ ಬೆಲ್ ಪ್ರಯೋಗಾಲಯದಲ್ಲೇ. ಮೈಕುಗಳು ಗುಂಡಿಯಷ್ಟಾದದ್ದು ಅಲ್ಲಿಂದ ಮುಂದೆ. ಆದರೆ ಕ್ಯಾಮೆರಾದೊಳಗಿನ ಮೈಕನ್ನು ಹೊಂದಿಸಿರುವುದು ಎದುರಿಗಿದ್ದವರ ಮಾತಿಗೆ, ಡ್ರಮ್ಮಿಗಲ್ಲ.

ಎರಡನೆಯ ಖಳನಾಯಕ ಆಟೊ ಲೆವೆಲ್, ಅಂದರೆ ಧ್ವನಿಯ ಮಟ್ಟವನ್ನು ಕ್ಯಾಮೆರಾ ತಾನೇ ಏರಿಳಿಸುವ ಏರ್ಪಾಡು. ನಾನು ಮೊದಲ ಸಲ ಚಿತ್ರೀಕರಿಸಿದಾಗ ಪ್ರತಿ ಡ್ರಮ್ ಪೆಟ್ಟಿಗೂ ಗಾಯಕಿ ನೀರೊಳಗೆ ಮುಳುಗಿ ಎದ್ದಂತೆ ಕೇಳಿಸಿತು. ಪೆಟ್ಟು ಬಿದ್ದೊಡನೆ ಕ್ಯಾಮೆರಾ ಎಲ್ಲವನ್ನೂ ತಗ್ಗಿಸಿ, ಆಮೇಲೆ ನಿಧಾನಕ್ಕೆ ಏರಿಸುತ್ತದೆ. ಹಾಡು ನಿಂತರೆ ಸಭಿಕರ ಕೆಮ್ಮೇ ಕಛೇರಿ. ನಮ್ಮ ಕಿವಿಯಲ್ಲೂ ಇಂಥದ್ದೊಂದಿದೆ: ಜೋರು ಸದ್ದಿಗೆ ಸ್ಟೆಪೀಡಿಯಸ್ ಎಂಬ ಪುಟಾಣಿ ಸ್ನಾಯು ಕಿವಿಯೊಳಗಿನ ಮೂಳೆಯನ್ನು ಬಿಗಿಹಿಡಿದು ಸದ್ದನ್ನು ತಗ್ಗಿಸುತ್ತದೆ. ಅದರ ಹಿಂದೆ ಮಿದುಳಿದೆ, ನಮಗೆ ಗೊತ್ತೇ ಆಗುವುದಿಲ್ಲ.

ಆದ್ದರಿಂದ ಮೆನುವಿನಲ್ಲಿ ಧ್ವನಿಯನ್ನು ಮ್ಯಾನ್ಯುಯಲ್ ಮಾಡಿ. ಒಳಬರುವ ಸಂಕೇತವನ್ನು ತಗ್ಗಿಸುವ ಅಟೆನ್ಯುಯೇಟರ್ ಇದ್ದರೆ ಆನ್ ಮಾಡಿ. ಅತಿ ಜೋರಿನ ಹಾಡಿಗೂ ಮೀಟರ್ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲಲಿ (ಅದರಲ್ಲಿ ಸೊನ್ನೆ ಎಂದರೆ ಸೂರು). ಮೈಕ್ ರಂಧ್ರಕ್ಕೆ ಟೇಪ್ ಅಂಟಿಸುವ ನಾಟಿ ಮದ್ದು ಬೇಡ, ಅದು ಮುಖ್ಯವಾಗಿ ತಾರ ಸ್ವರಗಳ ಹೊಳಪನ್ನು ನುಂಗುತ್ತದೆ. ಹಿಂದೆ ಸರಿದರೆ ಬಯಲಿನಲ್ಲಿ ದೂರ ಇಮ್ಮಡಿಸಿದಂತೆ 6 ಡೆಸಿಬೆಲ್ ಇಳಿಯುತ್ತದೆ, ಸಭಾಂಗಣದಲ್ಲಾದರೆ ಬರೀ ಪ್ರತಿಧ್ವನಿ ಹೆಚ್ಚುತ್ತದೆ.

ಕ್ಯಾಮೆರಾದಲ್ಲಿ ಈ ಸೌಲಭ್ಯಗಳೇ ಇಲ್ಲವೇ? ಬೇರೆ ರೆಕಾರ್ಡರ್ ತನ್ನಿ, ಎಲ್ಲ ಮೈಕುಗಳ ಧ್ವನಿಯನ್ನು ಬೆರೆಸುವ ಮಿಕ್ಸರ್ ಮೇಜಿನ ಹತ್ತಿರ ಇಡಿ. ಸೌಂಡ್ ಎಂಜಿನಿಯರ್ ಕೇಳಿ ಹದ ಮಾಡುವ ಜಾಗ ಅದೇ. ಮಿಕ್ಸರಿನಿಂದಲೇ ತಂತಿ ಎಳೆಯಲು ಬಿಟ್ಟರೆ ಎಚ್ಚರ: ಅದರ ಲೈನ್ ಸಂಕೇತ 1.2 ವೋಲ್ಟಿನ ಆಸುಪಾಸು, ಮೈಕ್ ಕಿಂಡಿ ನಿರೀಕ್ಷಿಸುವುದು ಕೆಲವೇ ಮಿಲಿವೋಲ್ಟ್; ನೇರವಾಗಿ ಚುಚ್ಚಿದರೆ ಅಲ್ಲೂ ಅಲೆಗಳ ತಲೆ ಹಾರುತ್ತದೆ. ಚಿಕ್ಕ ಸಭಾಂಗಣದಲ್ಲಿ ಡ್ರಮ್ಮಿಗೆ ಮೈಕೇ ಇರದಿದ್ದರೆ ಅದು ಆ ತಂತಿಯಲ್ಲಿ ಬರುವುದೂ ಇಲ್ಲ.

ಇನ್ನು ಚಿತ್ರಕ್ಕೆ ಧ್ವನಿ ಹೊಂದಿಸುವುದು. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಸೆಕೆಂಡಿಗೆ 30 ಫ್ರೇಮ್ ಎಂದರೆ ಒಂದು ಫ್ರೇಮಿನಲ್ಲಿ 11 ಮೀಟರ್. ವೇದಿಕೆಯಿಂದ 33 ಮೀಟರ್ ದೂರದಲ್ಲಿಟ್ಟ ರೆಕಾರ್ಡರಿನಲ್ಲಿ ಡ್ರಮ್ ಪೆಟ್ಟು ಕಡ್ಡಿ ತಾಗಿದ ಚಿತ್ರಕ್ಕಿಂತ ಮೂರು ಫ್ರೇಮ್ ತಡ. ಹಾಗಾಗಿ ಕ್ಯಾಮೆರಾದ ಕೆಟ್ಟ ಧ್ವನಿಯನ್ನು ನೆಚ್ಚದೆ, ಕಣ್ಣಿಗೆ ಕಾಣುವ ಒಂದು ಪೆಟ್ಟನ್ನೇ ಹಿಡಿದು ಜೋಡಿಸಿ. ಎರಡು ಯಂತ್ರಗಳ ಗಡಿಯಾರಗಳೂ ಒಂದೇ ತಾಳಕ್ಕೆ ನಡೆಯುವುದಿಲ್ಲ. ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸವಿದ್ದರೂ ಒಂದು ಗಂಟೆಯಲ್ಲಿ 72 ಮಿಲಿಸೆಕೆಂಡ್, ಅಂದರೆ ಎರಡು ಫ್ರೇಮ್ ಜಾರುತ್ತದೆ. ತುಟಿ ಒಂದು ಕಡೆ, ಹಾಡು ಇನ್ನೊಂದು ಕಡೆ. ಹಾಡು ಮುಗಿದು ಚಪ್ಪಾಳೆ ಬೀಳುವಾಗ ಕತ್ತರಿಸಿ, ಮುಂದಿನ ಹಾಡಿಗೆ ಹೊಸದಾಗಿ ಹೊಂದಿಸಿದರೆ ಆಯಿತು. ಚಪ್ಪಾಳೆಯಲ್ಲಿ ಎರಡು ಫ್ರೇಮ್ ಆಚೀಚೆಯಾದರೆ ಯಾರೂ ಲೆಕ್ಕ ಇಡುವುದಿಲ್ಲ.